ನಮಗೆ ಮೆಚ್ಚಿಗೆಯಾದ ನಾಲ್ಕು ಚಿತ್ರಗಳು

"ನಿನಗೆ ಯಾವ ಚಿತ್ರವು ಇಷ್ಟ? ಏಕೆ ಇಷ್ಟ?" ಎಂದು ಹುಡುಗಿಯೊಬ್ಬಳನ್ನು ಕೇಳಿದರೆ, ಮೊದಲನೆಯ ಪ್ರಶ್ನೆಗೆ "ಎಲ್ಲವೂ ಚೆನ್ನಾಗಿವೆ" ಎಂಬ ಉತ್ತರವೂ ಎರಡನೆಯದಕ್ಕೆ ಮೌನವೂ ದೊರೆಯುವುದು ಸಾಮಾನ್ಯ. ಈ ಮೌನವನ್ನು ವಿನಯವೆಂದೆಣಿಸಿ ಹೊಗಳುವ ಪದ್ಧತಿಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ನಮ್ಮ ಅಭಿಪ್ರಾಯದಲ್ಲಾದರೋ ಅದು ಅಭ್ಯಾಸದ ಕೊರತೆಯೇ ಸರಿ. ಮೆಚ್ಚಿದ್ದನ್ನು ಮೆಚ್ಚಿದೆನೆಂದು ಹೇಳುವುದನ್ನೂ, ಹಾಗೆ ಹೇಳಿದ್ದಕ್ಕೆ ಕಾರಣ ಕೊಡುವುದನ್ನೂ ಗಣಿತದಂತೆಯೇ ಕಲಿಸಬೇಕಾಗುತ್ತದೆ. ಆ ಕಲಿಕೆಗೆ ಚಿತ್ರಕ್ಕಿಂತ ಸುಲಭವಾದ ಪಾಠವನ್ನು ನಾವು ಕಾಣೆವು. ಆದುದರಿಂದ, ಈ ಸ್ಮರಣ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದೆ ನಮಗೆ ಪ್ರಿಯವಾದ ನಾಲ್ಕು ಚಿತ್ರಗಳನ್ನಿಟ್ಟು, ಆ ಪಾಠವನ್ನು ಮೊದಲು ನಾವೇ ಒಪ್ಪಿಸುತ್ತೇವೆ.

ಮೊದಲನೆಯದು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಸೇರಿದ, ದೀಪವನ್ನು ಹಿಡಿದು ನಿಂತಿರುವ ಸ್ತ್ರೀಯ ಚಿತ್ರ. ನಮ್ಮ ನಾಡಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಇದರ ಪ್ರತಿಯುಂಟು. ಇದನ್ನು ರಾಜಾ ರವಿವರ್ಮನ ಕೃತಿಯೆಂದು ಹೇಳುವವರು ಅನೇಕರು. ಆದರೆ ರವಿವರ್ಮನು 1906ರಲ್ಲಿಯೇ ತೀರಿಕೊಂಡನು. ಈ ಚಿತ್ರವು 1945-46ರ ಸುಮಾರಿನದು. ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್, ಎದುರಿಗೆ ನಿಂತವಳು ಅವರ ಸ್ವಂತ ಮಗಳು. ಇದು ಎಣ್ಣೆಯ ಬಣ್ಣದ ಚಿತ್ರವಲ್ಲ, ಜಲವರ್ಣದ್ದು. ಎಣ್ಣೆಯ ಬಣ್ಣದಲ್ಲಿ ತಪ್ಪಾದರೆ ಮೇಲೆ ಮತ್ತೊಂದು ಲೇಪವನ್ನು ಕೊಡಬಹುದು. ಜಲವರ್ಣದಲ್ಲಿ ಆ ಅನುಕೂಲವು ಬಹಳ ಕಡಿಮೆ. ಹೀಗಿದ್ದರೂ ಒಂದು ಸಣ್ಣ ದೀಪದ ಬೆಳಕು ಅಂಗೈಯಿಂದ ಮರೆಯಾಗಿ, ಬೆರಳುಗಳ ಸಂದಿನಲ್ಲಿ ಕೆಂಪಗೆ ತೋರಿ, ಮುಖದ ಮೇಲೂ ಸೀರೆಯ ಮೇಲೂ ಹರಡಿದೆ. ನಮ್ಮನ್ನು ಸೆಳೆಯುವುದು ಆ ಅಂಗೈ. ದೀಪವನ್ನು ಗಾಳಿಯಿಂದ ಕಾಯುವುದು ಪ್ರತಿಯೊಂದು ಮನೆಯ ಹೆಂಗಸಿಗೂ ಗೊತ್ತಿರುವ ಕೆಲಸ; ಅದನ್ನು ಯಾರೂ ಹೊಗಳುವುದಿಲ್ಲ. ಚಿತ್ರಕಾರನು ಅದನ್ನು ನೋಡಿದನು.

ಎರಡನೆಯದು ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದ ಯೋಹಾನ್ನೆಸ್ ವರ್ಮೇರನ 'ಹಾಲು ಸುರಿಯುವ ಸೇವಕಿ'. ಸುಮಾರು 1660ರಲ್ಲಿ ಬರೆದದ್ದು. ಈಗ ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಅಳತೆಯಲ್ಲಿ ಒಂದೂವರೆ ಅಡಿಯಷ್ಟು ಎತ್ತರವೂ ಇಲ್ಲ. ಅಡಿಗೆಮನೆಯ ಕಿಟಕಿಯ ಬಳಿ ಸೇವಕಿಯೊಬ್ಬಳು ನಿಂತು ಹಾಲನ್ನು ಪಾತ್ರೆಗೆ ಸುರಿಯುತ್ತಿದ್ದಾಳೆ. ಮೇಜಿನ ಮೇಲೆ ರೊಟ್ಟಿಯಿದೆ. ಇಷ್ಟೇ ವಿಷಯ. ಆದರೆ ಆಕೆಯ ಕಣ್ಣು ಹಾಲಿನ ಧಾರೆಯನ್ನು ಬಿಟ್ಟು ಅತ್ತಿತ್ತ ಹೊರಳಿಲ್ಲ. ಆಕೆಯ ಬಟ್ಟೆಯ ನೀಲಿಯು ಆಫ್ಘಾನಿಸ್ತಾನದ ಗಣಿಗಳಿಂದ ಬಂದ ಲಾಜವರ್ದಿ ಕಲ್ಲನ್ನು ಅರೆದು ಮಾಡಿದ್ದು. ಆ ಕಾಲದ ಅತಿ ದುಬಾರಿಯ ಬಣ್ಣಗಳಲ್ಲೊಂದು. ಶ್ರೀಮಂತರ ಚಿತ್ರಗಳಿಗೆ ಮೀಸಲಾಗಬಹುದಾಗಿದ್ದ ಬಣ್ಣವನ್ನು ವರ್ಮೇರನು ಒಬ್ಬ ಕೆಲಸದವಳಿಗೆ ಧಾರಾಳವಾಗಿ ಕೊಟ್ಟನು. 2022ರಲ್ಲಿ ಅಲ್ಲಿಯ ತಜ್ಞರು ಯಂತ್ರಗಳ ಸಹಾಯದಿಂದ ಬಣ್ಣದ ಒಳಪದರವನ್ನು ಪರೀಕ್ಷಿಸಿದಾಗ, ಹಿಂದಿನ ಗೋಡೆಯಲ್ಲಿ ಹೂಜಿಗಳನ್ನು ತೂಗುಹಾಕುವ ಹಲಗೆಯೊಂದನ್ನು ಮೊದಲು ಬರೆದು ಆಮೇಲೆ ಅಳಿಸಿದ್ದನೆಂದು ತಿಳಿದುಬಂದಿತು. ಈಗ ಉಳಿದಿರುವುದು ಬರಿಯ ಬಿಳಿ ಗೋಡೆ, ಒಂದು ಮೊಳೆ, ಮೊಳೆ ಕಿತ್ತ ತೂತುಗಳು. ಬೇಡವಾದದ್ದನ್ನು ತೆಗೆದುಬಿಡುವುದೂ ಒಂದು ವಿದ್ಯೆಯೆಂದು ಪ್ರಬಂಧ ಬರೆಯುವ ನಮ್ಮ ಹುಡುಗಿಯರಿಗೆ ಹೇಳಲು ನಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕಿಲ್ಲ.

ಮೂರನೆಯದು ಫ್ರಾನ್ಸಿನ ಮಿಲೇ ಎಂಬವನ 'ಹಕ್ಕಲಾಯುವವರು'. ರೂತಳ ಕಥೆಯನ್ನೋದಿದ ನಮ್ಮ ವಿದ್ಯಾರ್ಥಿನಿಯರಿಗೆ ಹಕ್ಕಲು ಎಂದರೇನೆಂದು ವಿವರಿಸಬೇಕಾಗಿಲ್ಲ. ಕೊಯ್ಲು ಮುಗಿದ ಹೊಲದಲ್ಲಿ ಮೂವರು ಬಡ ಹೆಂಗಸರು. ಇಬ್ಬರು ಬಗ್ಗಿ ತೆನೆಗಳನ್ನು ಆಯುತ್ತಿದ್ದಾರೆ, ಮೂರನೆಯವಳು ಅರ್ಧ ಬಗ್ಗಿದ್ದಾಳೆ. ದೂರದಲ್ಲಿ ಧನಿಯ ದೊಡ್ಡ ಬಣವೆಗಳು, ತುಂಬಿದ ಬಂಡಿ, ಕುದುರೆಯ ಮೇಲೆ ಮೇಲ್ವಿಚಾರಕನು. 1857ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಇದನ್ನಿಟ್ಟಾಗ ಅನೇಕ ದೊಡ್ಡ ಮನುಷ್ಯರಿಗೆ ಇದು ಸಹನೆಯಾಗಲಿಲ್ಲ. ಬಡವರನ್ನು ಕರುಣೆಗಾಗಿ ಮೂಲೆಯಲ್ಲಿ ಬರೆಯದೆ ನಡುವೆಯೇ ನಿಲ್ಲಿಸಿ, ರಾಜರಾಣಿಯರಿಗೆ ಸಲ್ಲುವ ಗಾಂಭೀರ್ಯವನ್ನು ಅವರಿಗೆ ಕೊಟ್ಟದ್ದೇ ಅವನ ಅಪರಾಧವಾಯಿತು. ಕಳೆ ಕಿತ್ತು, ನಾಟಿ ಹಾಕಿ, ಆ ಕೂಲಿಯಿಂದ ಮಗಳ ಪುಸ್ತಕವನ್ನು ಕೊಂಡ ತಾಯಂದಿರನ್ನು ನಮ್ಮ ಶಾಲೆಯು ಬಲ್ಲದು. ತಾಯಿಯ ಬಗ್ಗಿದ ಬೆನ್ನನ್ನು ನೋಡಿ ನಾಚುವ ವಯಸ್ಸಿನ ಹುಡುಗಿಗೆ ಈ ಚಿತ್ರವನ್ನು ತೋರಿಸಬೇಕೆಂದು ನಾವು ಹೇಳುತ್ತೇವೆ.

ನಾಲ್ಕನೆಯದು ಅಮೃತಾ ಶೇರ್‌ಗಿಲ್ಲರ 'ಮೂವರು ಹುಡುಗಿಯರು'. ಸಿಖ್ ತಂದೆಗೂ ಹಂಗೇರಿಯ ತಾಯಿಗೂ 1913ರಲ್ಲಿ ಹುಟ್ಟಿದ ಈಕೆಯು ಪ್ಯಾರಿಸಿನಲ್ಲಿ ಕಲಿತು, ಸ್ವದೇಶಕ್ಕೆ ಮರಳಿ, 1935ರಲ್ಲಿ ಈ ಚಿತ್ರವನ್ನು ಬರೆದರು. 1937ರಲ್ಲಿ ಇದಕ್ಕೆ ಬೊಂಬಾಯಿಯ ಆರ್ಟ್ ಸೊಸೈಟಿಯ ಚಿನ್ನದ ಪದಕವು ಬಂದಿತು. 1941ರಲ್ಲಿ, ತಮ್ಮ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅವರು ಲಾಹೋರಿನಲ್ಲಿ ತೀರಿಕೊಂಡರು. ಮೂವರು ಹುಡುಗಿಯರು ಒಬ್ಬರಿಗೊಬ್ಬರು ತಾಗುವಷ್ಟು ಹತ್ತಿರ ಕುಳಿತಿದ್ದಾರೆ. ಆದರೂ ಒಬ್ಬಳು ಇನ್ನೊಬ್ಬಳನ್ನು ನೋಡುತ್ತಿಲ್ಲ, ನಮ್ಮನ್ನೂ ನೋಡುತ್ತಿಲ್ಲ. ಉಡುಪಿನ ಬಣ್ಣಗಳು ಉಜ್ಜ್ವಲವಾಗಿವೆ. ಮುಖಗಳಲ್ಲಿ ಮಾತ್ರ ಉಲ್ಲಾಸವಿಲ್ಲ. ಅವರು ಏತಕ್ಕಾಗಿ ಕಾಯುತ್ತಿದ್ದಾರೆಂಬುದನ್ನು ಚಿತ್ರದ ಹೆಸರು ಹೇಳುವುದಿಲ್ಲ. ನಮಗಾದರೋ, ಒಳಗಿನ ಕೋಣೆಯಲ್ಲಿ ದೊಡ್ಡವರು ತಮ್ಮ ವಿಷಯವಾಗಿ ಮಾಡುತ್ತಿರುವ ತೀರ್ಮಾನವನ್ನು ಅವರು ಕಾಯುತ್ತಿರುವಂತೆ ತೋರುತ್ತದೆ. ಹತ್ತನೆಯ ತರಗತಿಯ ಬೆಂಚುಗಳಲ್ಲಿ ಈ ಮುಖಗಳನ್ನು ನಾವು ಕಂಡಿದ್ದೇವೆ. ಮುಂದೆ ಓದಿಸುವರೋ ಇಲ್ಲವೋ, ಯಾವ ವಿಷಯವನ್ನು ಓದಿಸುವರು, ಯಾರಿಗೆ ಕೊಡುವರು ಎಂಬುದು ಆ ಹುಡುಗಿಗೆ ಗೊತ್ತಿಲ್ಲ. ಆಕೆಯನ್ನು ಯಾರೂ ಕೇಳಿಯೂ ಇಲ್ಲ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಹೆಣ್ಣಿಗೆ ಹದಿನೆಂಟು ತುಂಬುವ ಮೊದಲು ಮದುವೆ ಕೂಡದೆಂದು ಕಾಯಿದೆಯು ಹೇಳುತ್ತದೆ. ಕಾಯಿದೆಯು ವಯಸ್ಸನ್ನು ಎಣಿಸಬಲ್ಲುದೇ ಹೊರತು ಹುಡುಗಿಯ ಬಾಯಿಗೆ ಮಾತನ್ನು ತಂದುಕೊಡಲಾರದು. ಹದಿನೈದು ವರುಷಗಳ ಕಾಲ "ನಿಮ್ಮ ಇಷ್ಟದಂತೆ" ಎಂದೇ ಹೇಳಿ ಬೆಳೆದವಳು, ಹದಿನೆಂಟು ತುಂಬಿದ ಮರುದಿನ "ನನಗೆ ಇದು ಬೇಡ, ಕಾರಣವಿಷ್ಟು" ಎಂದು ಎಲ್ಲಿಂದ ಹೇಳಿಯಾಳು? ಆ ಮಾತಿನ ಅಭ್ಯಾಸವು ಚಿಕ್ಕ ವಿಷಯಗಳಲ್ಲಿ ಆಗಬೇಕು. ಚಿತ್ರದ ವಿಷಯದಲ್ಲಿ ತಪ್ಪು ಉತ್ತರವಿಲ್ಲ, ಯಾರ ಮರ್ಯಾದೆಗೂ ಕುಂದಿಲ್ಲ, ಖರ್ಚಿಲ್ಲ. ಒಬ್ಬಳು ವರ್ಮೇರನನ್ನು ಮೆಚ್ಚಲಿ, ಇನ್ನೊಬ್ಬಳು ಬೇಸರವೆನ್ನಲಿ. ಇಬ್ಬರೂ ಕಾರಣವನ್ನು ಹೇಳಲಿ. ಅಕ್ಕಪಕ್ಕದಲ್ಲಿ ಕುಳಿತು ಭಿನ್ನವಾಗಿ ಎಣಿಸಬಹುದು, ಆದರೂ ಗೆಳತಿಯರಾಗಿಯೇ ಇರಬಹುದು ಎಂಬುದನ್ನು ಅವರು ಅಲ್ಲಿ ಕಲಿಯುತ್ತಾರೆ.

"ಚಿತ್ರ ಬರೆಯುವುದರಿಂದ ಅಂಕ ಬರುತ್ತದೆಯೇ?" ಎಂದು ಕೇಳಿ, ಒಂಬತ್ತನೆಯ ತರಗತಿಗೆ ಬಂದೊಡನೆ ಮಗಳ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೇರಿಸುವ ತಂದೆಯವರು ಉಂಟು. ಅವರ ಚಿಂತೆಯು ನಮಗೆ ಅರ್ಥವಾಗುತ್ತದೆ, ಪರೀಕ್ಷೆಯು ಸುಳ್ಳಲ್ಲ. ವಾರದಲ್ಲಿ ಒಂದು ಗಂಟೆಯನ್ನು ಬಣ್ಣಕ್ಕೆ ಬಿಟ್ಟುಕೊಟ್ಟರೆ ಪರೀಕ್ಷೆಯು ಕೆಡುವುದಿಲ್ಲವೆಂದು ಮಾತ್ರ ಅವರಲ್ಲಿ ಅರಿಕೆ ಮಾಡುತ್ತೇವೆ. ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಬಿನ್ನಹ: ಮೈಸೂರಿಗೆ ಹೋದಾಗ ಮೃಗಾಲಯವನ್ನು ತೋರಿಸಿದಂತೆ ಚಿತ್ರಗಳನ್ನೂ ಮಕ್ಕಳಿಗೆ ತೋರಿಸಿರಿ. ಅವಸರದಿಂದ ದಾಟಿಸದೆ, ಯಾವುದಾದರೂ ಒಂದರ ಮುಂದೆ ಮಗಳು ತಾನಾಗಿ ನಿಂತರೆ ನೀವೂ ನಿಲ್ಲಿರಿ. "ಏಕೆ ನಿಂತೆ?" ಎಂದು ಕೇಳಿ, ಆಕೆಯು ಉತ್ತರವನ್ನು ಹುಡುಕುವಷ್ಟು ಹೊತ್ತು ಸುಮ್ಮನಿರಿ.