ಹೊಸ ಅಭ್ಯರ್ಥಿ, ಹಳೇ ಬಾಕಿ

ಚುನಾವಣೆಗೆ ಮೊದಲ ಸಲ ನಿಲ್ಲುವವರನ್ನು ಕಂಡರೆ ನಮ್ಮ ಜನಕ್ಕೆ ಒಂದು ಬಗೆಯ ಮಮಕಾರ. ‘ಹೊಸಬರು, ಒಂದು ಸಲ ನೋಡುವ’ ಎನ್ನುತ್ತಾರೆ. ಮಮಕಾರ ಒಳ್ಳೆಯದೇ. ಆದರೆ ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಲೆಕ್ಕವನ್ನು ನಾವು ಹಾಕಿಲ್ಲವೆಂದು ನನಗೆ ತೋರುತ್ತದೆ. ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಕಾಮರ್ಸ್ ಹುಡುಗನಿಗೆ ಎಂಥ ಕೆಲಸ ಎಂದು ಕೇಳುವ ಮಿತ್ರರಿದ್ದಾರೆ. ಇದೋ, ಈ ಲೆಕ್ಕದ ಕೆಲಸ.

ಬೈಂದೂರನ್ನೇ ತೆಗೆದುಕೊಳ್ಳಿ. ಡೊಂಬಿವಲಿ, ಕಲ್ಯಾಣ, ಥಾಣೆಗಳಲ್ಲಿ ಹೋಟೆಲು ನಡೆಸುವವರಲ್ಲೂ ಹೋಟೆಲಿನಲ್ಲಿ ದುಡಿಯುವವರಲ್ಲೂ ಆ ಕಡೆಯವರು ಎಷ್ಟು ಮಂದಿ ಇದ್ದಾರೆಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮನೆಯವರೂ ಅಲ್ಲಿಯವರೇ. ಕೊಲ್ಲೂರಿನ ಕಾಡಿನಿಂದ ಮರವಂತೆಯ ಕಡಲಿನವರೆಗೆ ಹರಡಿದ, ಹೆಚ್ಚುಕಡಿಮೆ ಹಳ್ಳಿಗಳದೇ ಆದ ವಿಧಾನಸಭಾ ಕ್ಷೇತ್ರ ಅದು. 2023ರ ಏಪ್ರಿಲ್‌ನಲ್ಲಿ ಬಿ.ಜೆ.ಪಿ. ಅಲ್ಲಿ ತನ್ನದೇ ಶಾಸಕ ಬಿ. ಎಂ. ಸುಕುಮಾರ ಶೆಟ್ಟಿಯವರಿಗೆ ಟಿಕೇಟು ತಪ್ಪಿಸಿ, ಅದುವರೆಗೆ ವಿಧಾನಸಭೆಗೆ ನಿಂತೇ ಇರದ ಗುರುರಾಜ ಗಂಟಿಹೊಳೆಯವರಿಗೆ ಕೊಟ್ಟಿತು. ಸಂಘದ ಹಿನ್ನೆಲೆಯವರು, ಕಾಲಿಗೆ ಚಪ್ಪಲಿ ಹಾಕದವರು. ಎದುರಿಗೆ ಕಾಂಗ್ರೆಸ್ಸಿನಿಂದ, ನಾಲ್ಕು ಸಲ ಶಾಸಕರಾಗಿದ್ದ ಕೆ. ಗೋಪಾಲ ಪೂಜಾರಿ. ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ಹೊಸಬರು 16 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಆ ತಿಂಗಳು ನಮ್ಮ ಕಡೆಯ ಹೋಟೆಲುಗಳ ಗಲ್ಲಾದ ಹತ್ತಿರ ಇದೇ ಮಾತು. “ಹ್ವಾಯ್, ಕಾಲಗೆ ಚಪ್ಲಿ ಇಲ್ಲ ಕಾಣಿ. ಹೀಂಗಿಪ್ಪೋರಿಗೆ ವೋಟ್ ಹಾಕ್ದೆ ಇನ್ಯಾರಿಗ್ ಹಾಕುದ್?” ಎಂದು ನನ್ನ ಸೋದರಮಾವನೂ ಹೇಳಿದ್ದ. ಇದನ್ನು ನಾನು ತಮಾಷೆ ಮಾಡುವುದಿಲ್ಲ. ಸಂಪ್ರದಾಯವನ್ನು ಹಿಡಿದುಕೊಂಡಿರುವ ಊರುಗಳಲ್ಲಿ ಬರಿಗಾಲಿಗೆ ಒಂದು ಅರ್ಥವಿದೆ. ಹರಕೆ ಹೊತ್ತವರು, ವ್ರತ ಹಿಡಿದವರು ಬರಿಗಾಲಲ್ಲಿ ನಡೆಯುತ್ತಾರೆ. ಹಣದ ಥೈಲಿ ಹಿಡಿದವರೇ ಟಿಕೇಟಿನ ಸಾಲಿನಲ್ಲಿ ನಿಲ್ಲುವ ಈ ಕಾಲದಲ್ಲಿ ಒಬ್ಬ ಸಾಮಾನ್ಯ ಕಾರ್ಯಕರ್ತನನ್ನು ಕರೆದು ನಿಲ್ಲಿಸುವುದು ಸಣ್ಣ ಮಾತಲ್ಲ. ಬೇರೆ ಪಕ್ಷಗಳು ಇದನ್ನು ನೋಡಿ ಕಲಿಯಬೇಕು. ಅಷ್ಟು ಗೌರವ ಸಲ್ಲಿಸಿಯೇ ಮುಂದಿನ ಮಾತು ಹೇಳುತ್ತೇನೆ.

ಅದೇ ಬೈಂದೂರು ತಾಲೂಕಿನಲ್ಲಿ 2022ರ ಆಗಸ್ಟ್‌ನ ಮಳೆಯಲ್ಲಿ, ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಕಾಲುಸಂಕವೆಂದರೆ ಏನೆಂದು ಬಯಲುಸೀಮೆಯ ಮಿತ್ರರಿಗೆ ತಿಳಿದಿರಲಿಕ್ಕಿಲ್ಲ. ತೋಡಿನ ಈ ದಡದಿಂದ ಆ ದಡಕ್ಕೆ ಎರಡು ಮೂರು ಮರದ ದಿಮ್ಮಿ ಹಾಕಿ ಮಾಡಿದ ದಾರಿ, ಹಿಡಿದುಕೊಳ್ಳಲು ಒಂದು ಹಗ್ಗವೋ ಗಳವೋ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ, ಕೆಳಗೆ ಕೆಂಪು ನೀರು. ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಅದರ ಮೇಲೆಯೇ ಶಾಲೆಗೆ ಹೋಗಬೇಕು.

ಈ ದುರಂತವಾಗಿ ಒಂಬತ್ತು ತಿಂಗಳಿಗೆ ಚುನಾವಣೆ ಬಂತು. ಆಗ ಉತ್ತರ ಹೇಳಬೇಕಾದವರು ಯಾರು? ಹಳೇ ಶಾಸಕರು ಕಣದಲ್ಲೇ ಇಲ್ಲ. ಹೊಸಬರನ್ನು ಕೇಳೋಣವೆಂದರೆ, ಅವರು ಆಗ ಶಾಸಕರೇ ಆಗಿರಲಿಲ್ಲ. ಪಕ್ಷವನ್ನು ಕೇಳಿದರೆ, ಅದಕ್ಕಾಗಿಯೇ ಹೊಸ ಮುಖ ಕೊಟ್ಟಿದ್ದೇವಲ್ಲ ಎಂದುಬಿಡಬಹುದು. ಹಾಗಾದರೆ ಬಾಕಿ ಯಾರದು? ಕಾಲುಸಂಕಗಳು ಐದು ವರ್ಷದಲ್ಲಿ ಹುಟ್ಟಿದವಲ್ಲ ನಿಜ. ಗೋಪಾಲ ಪೂಜಾರಿಯವರ ಕಾಲದಲ್ಲೂ ಅವು ಇದ್ದವು. ಆದರೆ ಅವರು ಮತದಾರರ ಎದುರಿಗೆ ನಿಂತಿದ್ದರು. ಜನ ತೂಕ ಮಾಡಿದರು, ಸೋಲಿಸಿದರು. ಆಳುತ್ತಿದ್ದ ಪಕ್ಷದ ತಕ್ಕಡಿಗೆ ಮಾತ್ರ ಆ ಊರಿನಲ್ಲಿ ಹಳೆಯದೇನೂ ಬೀಳಲೇ ಇಲ್ಲ.

ನಮ್ಮ ಹೋಟೆಲಿನವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ಧಣಿ ಗಲ್ಲಾದಲ್ಲಿ ಕೂತ ಮ್ಯಾನೇಜರನನ್ನು ಬದಲಾಯಿಸಿದ ಎನ್ನಿ. ಮರುದಿನ ಹಾಲಿನವನು ಬಾಕಿ ಕೇಳಲು ಬರುತ್ತಾನೆ. ‘ನಾನು ನಿನ್ನೆ ಬಂದವನು, ನಿನ್ನ ಬಾಕಿ ನನಗೆ ಗೊತ್ತಿಲ್ಲ’ ಎಂದರೆ ಅವನು ಸುಮ್ಮನೆ ಹೋಗುತ್ತಾನೆಯೇ? ಬೋರ್ಡು ಅದೇ, ಧಣಿ ಅವನೇ, ಹಾಲು ಕುದಿಸಿ ಚಹಾ ಮಾಡಿದ್ದು ಅದೇ ಅಡುಗೆಮನೆಯಲ್ಲಿ. ಬಾಕಿ ಹೋಟೆಲಿನದು, ಮ್ಯಾನೇಜರನದಲ್ಲ. ಲೆಕ್ಕಪುಸ್ತಕದ ಮೊದಲ ಪಾಠವೂ ಇದೇ: ಹಳೇ ಪುಸ್ತಕ ಮುಗಿಸಿ ಹೊಸದನ್ನು ತೆರೆದರೆ ಹಿಂದಿನ ಶಿಲ್ಕನ್ನು ಮುಂದಕ್ಕೆ ಎಳೆದುಕೊಂಡು ಬರಬೇಕು. ಜಮೆಯೂ ಬರಬೇಕು, ಸಾಲವೂ ಬರಬೇಕು. ಪಕ್ಷದ ಹೆಸರು, ಚಿಹ್ನೆ, ಬೂತಿನ ಹುಡುಗರು, ಇಷ್ಟನ್ನೂ ಹೊಸ ಅಭ್ಯರ್ಥಿ ಜಮೆಯಾಗಿ ಪಡೆಯುತ್ತಾರೆ. ಸಾಲ ಮಾತ್ರ ಬೇಡವೆಂದರೆ ಹೇಗೆ?

ಇದು ಬೈಂದೂರೊಂದರ ಕಥೆಯಲ್ಲ. 2023ರಲ್ಲಿ ಉಡುಪಿ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಕಾರ್ಕಳ ಬಿಟ್ಟು ಉಳಿದ ನಾಲ್ಕರಲ್ಲೂ ಆ ಪಕ್ಷ ಹೊಸ ಮುಖಗಳನ್ನು ನಿಲ್ಲಿಸಿತು, ಐದನ್ನೂ ಗೆದ್ದಿತು. ರಾಜ್ಯದಲ್ಲಿ 66ಕ್ಕೆ ಇಳಿದ ಪಕ್ಷ ಈ ಜಿಲ್ಲೆಯಲ್ಲಿ ಒಂದು ಸ್ಥಾನವನ್ನೂ ಕಳೆದುಕೊಳ್ಳಲಿಲ್ಲ. ಸುಳ್ಯದಲ್ಲಿ 1994ರಿಂದ ಆರು ಸಲ ಗೆದ್ದ ಎಸ್. ಅಂಗಾರರನ್ನು ಬಿಟ್ಟು ಭಾಗೀರಥಿ ಮುರುಳ್ಯರನ್ನು ನಿಲ್ಲಿಸಿದರು, ಅವರೂ ಗೆದ್ದರು. ಪುತ್ತೂರಿನಲ್ಲಿ ಮಾತ್ರ ಉಪಾಯ ನಡೆಯಲಿಲ್ಲ. ಅಲ್ಲಿ ಹೊಸ ಅಭ್ಯರ್ಥಿ ಆಶಾ ತಿಮ್ಮಪ್ಪ ಮೂರನೆಯವರಾದರು. ಟಿಕೇಟು ಸಿಗದೆ ಪಕ್ಷೇತರರಾಗಿ ನಿಂತ ಅರುಣ್ ಕುಮಾರ್ ಪುತ್ತಿಲ ಎರಡನೆಯವರು, ಗೆದ್ದದ್ದು ಕಾಂಗ್ರೆಸ್ಸಿನ ಅಶೋಕ್ ರೈ. ಆದರೆ ಅಲ್ಲಿಯೂ ಜಗಳ ನಡೆದದ್ದು ಟಿಕೇಟು ಯಾರಿಗೆ ಎಂಬುದರ ಮೇಲೆ. ರಸ್ತೆ ಎಲ್ಲಿ, ನೀರು ಎಲ್ಲಿ ಎಂದು ಯಾರೂ ಬಂಡಾಯ ಏಳಲಿಲ್ಲ.

ಇದಕ್ಕೆ ನಾವಿರುವ ಊರನ್ನು ಹೋಲಿಸಿ ನೋಡಿ. ಡೊಂಬಿವಲಿಯ ಒಂದು ಭಾಗ ಸೇರಿರುವ ಕ್ಷೇತ್ರಕ್ಕೆ ಕಲ್ಯಾಣ ಗ್ರಾಮೀಣ ಎಂದು ಹೆಸರು, ಗ್ರಾಮ ಎಲ್ಲಿದೆ ಎಂದು ಹುಡುಕಬೇಕು, ಅದಿರಲಿ. 2009, 2014, 2019, 2024, ಹೀಗೆ ನಾಲ್ಕು ಚುನಾವಣೆಗಳಲ್ಲಿ ಅಲ್ಲಿ ನಾಲ್ಕು ಬೇರೆ ಬೇರೆ ಶಾಸಕರು. ಆದರೆ 2024ರಲ್ಲಿ ಶಾಸಕರಾಗಿದ್ದ ರಾಜು ಪಾಟೀಲರು ಸ್ವತಃ ಕಣದಲ್ಲಿದ್ದರು. ಜನ ಅವರನ್ನು ನೋಡಿಯೇ ಬೇಡವೆಂದರು. ಅದು ಸರಿಯೋ ತಪ್ಪೋ ಬೇರೆ ಮಾತು, ಬದಲಾಯಿಸಿದವರು ಮತದಾರರು. ಬೈಂದೂರಿನಲ್ಲಿ ಬದಲಾಯಿಸಿದ್ದು ದಿಲ್ಲಿ, ಬೆಂಗಳೂರು. ಮತದಾರ ರುಜು ಹಾಕಿದ ಅಷ್ಟೇ.

ಬರಿಗಾಲಿನ ಅಭ್ಯರ್ಥಿಗೆ ಖರ್ಚಿಲ್ಲವಲ್ಲ ಎನ್ನುವವರಿಗೆ ಇನ್ನೊಂದು ಮಾತು. ವಿಧಾನಸಭೆಗೆ ನಿಲ್ಲುವವರು 40 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಬಾರದೆಂದು 2022ರಿಂದ ಕರ್ನಾಟಕದಲ್ಲಿ ಮಿತಿ ಇದೆ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಆದರೆ ಪಕ್ಷ ಒಟ್ಟಾರೆ ಪ್ರಚಾರಕ್ಕೆ ಸುರಿಯುವ ಹಣಕ್ಕೆ ಮಿತಿಯೇ ಇಲ್ಲ! ಅಂದರೆ ಅಭ್ಯರ್ಥಿ ಎಷ್ಟು ಬಡವನಾದರೂ ಚುನಾವಣೆ ಬಡ ಚುನಾವಣೆಯಾಗುವುದಿಲ್ಲ. ಬಂಡವಾಳ ಹಾಕಿದವರು ಬೇರೆ. ಗೆದ್ದ ಮೇಲೆ ಹೊಸಬ ಮೊದಲು ಯಾರ ಮಾತು ಕೇಳಬೇಕಾದೀತು, ನೀವೇ ಹೇಳಿ.

ಅಲ್ಲಿ ವೋಟಿಲ್ಲದ ನಿನಗೆ ಅಲ್ಲಿಯ ಉಸಾಬರಿ ಏಕೆ ಎಂದು ಕೇಳಬಹುದು. ನನ್ನ ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿದೆ, ಎರಡು ಕಡೆ ಇರಕೂಡದು, ಒಪ್ಪಿದೆ. ಆದರೆ ನಮ್ಮ ಅಜ್ಜಿ ಅಲ್ಲಿದ್ದಾಳೆ. ದೈವಸ್ಥಾನದ ಜೀರ್ಣೋದ್ಧಾರಕ್ಕೆ ರಶೀದಿ ಪುಸ್ತಕ ಬರುವುದು ಇಲ್ಲಿಗೇ. ಚುನಾವಣೆ ಬಂದಾಗ ‘ಇಂಥವರಿಗೇ ಹಾಕಿ’ ಎಂದು ಊರಿಗೆ ಫೋನು ಹೋಗುವುದೂ ಇಲ್ಲಿಂದಲೇ. ಹಣಕ್ಕೆ, ಫೋನಿಗೆ ನಾವು ಬೇಕು, ಪ್ರಶ್ನೆಗೆ ಬೇಡವೇ?

ಗಂಟಿಹೊಳೆಯವರು ಗೆದ್ದು ವಿರೋಧ ಪಕ್ಷದಲ್ಲಿ ಕೂತರು, ಅದರ ಕಷ್ಟ ಅವರಿಗೆ ಇದ್ದೇ ಇದೆ. 2028ಕ್ಕೆ ಅವರೇ ನಿಂತರೆ ಒಳ್ಳೆಯದು, ಐದು ವರ್ಷದ ಲೆಕ್ಕ ಕೇಳಲು ಒಬ್ಬ ಮನುಷ್ಯ ಸಿಕ್ಕಂತಾಯಿತು. ಮತ್ತೊಬ್ಬ ಹೊಸಬರು ಬಂದರೆ, ಅವರು ಯಾವ ಪಕ್ಷದವರೇ ಆಗಲಿ, ಮೇ ರಜೆಗೆ ಊರಿಗೆ ಹೋದ ನಮ್ಮಂಥವರು ಒಂದು ಕೆಲಸ ಮಾಡಬಹುದು. ನಮ್ಮ ನಮ್ಮ ಗ್ರಾಮದಲ್ಲಿ ಕಾಲುಸಂಕ ಎಷ್ಟು ಉಳಿದಿವೆ ಎಂದು ನಡೆದು ಎಣಿಸಿ, ಒಂದು ಚೀಟಿಯಲ್ಲಿ ಬರೆದು, ವೋಟು ಕೇಳಲು ಬಂದವರ ಕೈಗೆ ಕೊಡುವುದು. ‘ಇದು ನಿಮ್ಮ ಪಕ್ಷದ ಹಿಂದಿನ ಶಿಲ್ಕು, ಇದನ್ನು ಒಪ್ಪಿಕೊಂಡು ಮುಂದೆ ಮಾತಾಡಿ’ ಎನ್ನುವುದು. ಚಪ್ಪಲಿ ಹಾಕುವುದು ಬಿಡುವುದು ಅವರಿಷ್ಟ.

ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಜಗಳಕ್ಕೆ ನಾನು ತಯಾರು.