ಮೊದಲು ಹೊಗೆ ಹೊರಗೆ, ಆಮೇಲೆ ಕಷಾಯ



ನಮ್ಮ ಕಾಸರಗೋಡಿನಲ್ಲಿ ಜೂನ್ ಬಂತೆಂದರೆ ಶಾಲೆಯೂ ಶುರು, ಮಳೆಯೂ ಶುರು, ಮನೆಯ ಸಣ್ಣ ಮಕ್ಕಳ ಶೀತ-ಕೆಮ್ಮೂ ಶುರು. ತಂಗಿಗೋ ತಮ್ಮನಿಗೋ ಒಂದು ಶೀತ ವಾಸಿಯಾಗುವಷ್ಟರಲ್ಲಿ ಇನ್ನೊಂದು ಹಿಡಿಯುತ್ತದೆ. ಆಗ ಮನೆಯಲ್ಲಿ ಎರಡು ಪಕ್ಷ. ಅಜ್ಜಿ “ಕಷಾಯ ಕೊಡಿ, ಮೂಗಿಗೆ ಎರಡು ಬೊಟ್ಟು ಎಣ್ಣೆ ಬಿಡಿ” ಅನ್ನುತ್ತಾರೆ. ಅಪ್ಪ ಮೆಡಿಕಲ್ ಶಾಪಿನಿಂದ ಸಿರಪ್ ತರುತ್ತಾರೆ. ವಿಜ್ಞಾನ ಓದುವ ನೀವು ಯಾರ ಕಡೆ ಸೇರಬೇಕು?

ನನ್ನ ಅಭಿಪ್ರಾಯ ಕೇಳಿದರೆ, ಯಾವ ಪಕ್ಷವೂ ಬೇಡ. “ಮಗುವಿಗೆ ಇನ್ನೇನು ಕೊಡುವುದು?” ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. “ಮಗುವಿನ ಸುತ್ತಮುತ್ತಲಿಂದ ಏನನ್ನು ತೆಗೆಯುವುದು?” ಎಂದು ಮೊದಲು ಕೇಳಿ. ನೈಸರ್ಗಿಕ ಉಪಾಯ ಅಂತ ಒಂದು ಇದ್ದರೆ ಅದು ಅಲ್ಲಿಂದಲೇ ಶುರುವಾಗಬೇಕು.

ಮೊದಲು ಲೆಕ್ಕ ನೋಡೋಣ. ಇನ್ನೂ ಶಾಲೆಗೆ ಸೇರದ ಮಗುವಿಗೆ ವರ್ಷಕ್ಕೆ 6ರಿಂದ 8 ಸಲ ಶೀತ ಆಗುವುದು ಸಾಮಾನ್ಯ. ಶೀತ ತರುವ ವೈರಸ್‌ಗಳಲ್ಲಿ 200ಕ್ಕೂ ಹೆಚ್ಚು ಬಗೆಗಳುಂಟು. ಒಂದನ್ನು ಎದುರಿಸಿ ಗೆದ್ದ ದೇಹ ಇನ್ನೊಂದಕ್ಕೆ ಹೊಸದೇ. ಅಂಗನವಾಡಿಗೆ ಹೋಗುವ ಮಗುವಿಗೆ, ಅಕ್ಕ-ಅಣ್ಣ ಶಾಲೆಗೆ ಹೋಗುವ ಮನೆಯ ಮಗುವಿಗೆ ಈ ಪರಿಚಯಗಳು ಬೇಗ ಬೇಗ ಆಗುತ್ತವೆ. ಹಾಗಾಗಿ ಪದೇ ಪದೇ ಶೀತ ಆದ ಮಾತ್ರಕ್ಕೆ “ಮಗುವಿಗೆ ಶಕ್ತಿಯೇ ಇಲ್ಲ” ಎಂದು ಹೆದರಬೇಕಾಗಿಲ್ಲ.

ಇನ್ನೊಂದು ಮಾತು. ಹೆಚ್ಚಿನ ಶೀತಗಳು ಒಂದು ವಾರ, ಹತ್ತು ದಿನದೊಳಗೆ ತಾವಾಗಿ ಇಳಿಯುತ್ತವೆ. ಐದನೇ ದಿನ ಏನು ಕೊಟ್ಟರೂ ಏಳನೇ ದಿನ ಅದಕ್ಕೇ ಹೆಸರು! ಕಷಾಯ ಕೊಟ್ಟವರು ಕಷಾಯದಿಂದ ಗುಣ ಆಯಿತು ಅನ್ನುತ್ತಾರೆ. ಆಂಟಿಬಯಾಟಿಕ್ ಕೊಟ್ಟವರು ಅದರಿಂದ ಅನ್ನುತ್ತಾರೆ. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್‌ಗೆ ಅದು ತಾಗುವುದೇ ಇಲ್ಲ. ಏನೂ ಕೊಡದ ಮಗು ಎಷ್ಟು ದಿನದಲ್ಲಿ ಗುಣವಾಗುತ್ತಿತ್ತು ಎಂದು ಹೋಲಿಸದೆ ಯಾವ ಮದ್ದಿಗೂ ಅಂಕ ಕೊಡಬಾರದು. ಪ್ರಯೋಗಶಾಲೆಯಲ್ಲಿ ನಾವು “ನಿಯಂತ್ರಿತ ಪ್ರಯೋಗ” ಅನ್ನುವುದು ಇದಕ್ಕೇ ಅಲ್ವಾ?

ಈಗ ಹೊಗೆಯ ವಿಷಯ. ಮಗುವಿನ ಶ್ವಾಸನಾಳ ದೊಡ್ಡವರದ್ದಕ್ಕಿಂತ ಬಹಳ ಸಪೂರ. ಕೊಳವೆಯಲ್ಲಿ ಗಾಳಿ ನಯವಾಗಿ ಹರಿಯುವಾಗ ತ್ರಿಜ್ಯ ಅರ್ಧಕ್ಕೆ ಇಳಿದರೆ ಅದರ ತಡೆ ಎರಡು ಪಟ್ಟಲ್ಲ, 16 ಪಟ್ಟು ಆಗುತ್ತದೆ. 4 ಮಿಲಿಮೀಟರ್ ವ್ಯಾಸದ ನಾಳದ ಗೋಡೆ ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೆ ಉಳಿಯುವುದು 2 ಮಿಲಿಮೀಟರ್, ಅಂದರೆ ಅರ್ಧ. ಅದೇ ಊತ 8 ಮಿಲಿಮೀಟರ್ ನಾಳದಲ್ಲಾದರೆ ತಡೆ ಸುಮಾರು 3 ಪಟ್ಟು ಮಾತ್ರ. ನಮಗೆ ಬರೀ ಕೆಮ್ಮು ಬರಿಸುವ ಹೊಗೆ ಮಗುವಿನ ಉಸಿರನ್ನೇ ಕಟ್ಟಿಸುವುದು ಈ ಲೆಕ್ಕದಿಂದ. ಜೊತೆಗೆ, ನಾಳದ ಒಳಗೋಡೆಯಲ್ಲಿ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿವೆ. ಕಫವನ್ನೂ ಅದಕ್ಕೆ ಅಂಟಿದ ರೋಗಾಣುಗಳನ್ನೂ ಮೇಲಕ್ಕೆ ಗುಡಿಸಿ ಹಾಕುವುದು ಇವುಗಳ ಕೆಲಸ. ಹೊಗೆ ತಾಗಿದರೆ ಈ ಗುಡಿಸುವ ಕೆಲಸ ಮಂದವಾಗುತ್ತದೆ. ಮನೆಯೊಳಗಿನ ಹೊಗೆಯಿಂದ ಮಕ್ಕಳಿಗೆ ನ್ಯುಮೋನಿಯಾ ಬರುವ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಸಣ್ಣ ವಿಷಯ ಅಲ್ಲ. 2019ರಲ್ಲಿ ಜಗತ್ತಿನಲ್ಲಿ 5 ವರ್ಷದೊಳಗಿನ 7 ಲಕ್ಷ 40 ಸಾವಿರ ಮಕ್ಕಳು ನ್ಯುಮೋನಿಯಾದಿಂದ ತೀರಿಹೋದರು.

ನಮ್ಮ ಮನೆಗಳಲ್ಲಿ ಹೊಗೆ ಎಲ್ಲಿಂದ ಬರುತ್ತದೆ, ಒಮ್ಮೆ ಎಣಿಸಿ. ಅಡುಗೆಯ ಸೌದೆ ಒಲೆ. ಬಚ್ಚಲಿನ ಹಂಡೆಯ ಕೆಳಗೆ ಉರಿಯುವ ಗೆರಟೆ, ಮಡಲು. ಮಗುವನ್ನು ಮೀಯಿಸಿದ ಮೇಲೆ ತಲೆ ಒಣಗಿಸಲು ಹಾಕುವ ಸಾಂಬ್ರಾಣಿ ಧೂಪ. ಊದುಬತ್ತಿ. ಮಾವನ ಬೀಡಿ. ರಾತ್ರಿ ಬಾಗಿಲು ಹಾಕಿ ಹಚ್ಚುವ ಸೊಳ್ಳೆ ಬತ್ತಿ. ಈ ಬತ್ತಿಯ ಬಗ್ಗೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉಂಟು. ಅದರಲ್ಲಿ ಪರೀಕ್ಷಿಸಿದ ಬತ್ತಿಗಳು ಒಂದೊಂದೂ ಉರಿದು ಮುಗಿಯುವಾಗ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಬಿಡುತ್ತಿದ್ದವು. ಇಡೀ ರಾತ್ರಿ ಅದರ ಪಕ್ಕದಲ್ಲಿ ಮಲಗಿಸಿ, ಬೆಳಿಗ್ಗೆ ಕೆಮ್ಮಿಗೆ ತುಳಸಿ ಹುಡುಕುವುದರಲ್ಲಿ ಅರ್ಥ ಉಂಟಾ?

ಗ್ಯಾಸ್ ಸಿಲಿಂಡರಿನ ಬೆಲೆ ನನಗೂ ಗೊತ್ತು. ನಾಳೆಯೇ ಎಲ್ಲರೂ ಒಲೆ ಬಿಡಿ ಎಂದರೆ ಅದು ಬರೀ ಬಾಯಿಮಾತು. ಆದರೆ ದುಡ್ಡಿಲ್ಲದೆ ಆಗುವ ಕೆಲಸಗಳೂ ಉಂಟು. ಒದ್ದೆ ಸೌದೆ ಉರಿಯುವಾಗ ಶಾಖದ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ದಹನ ಅಪೂರ್ಣವಾಗಿ ಹೊಗೆ ಹೆಚ್ಚುತ್ತದೆ. ಮಳೆಗಾಲಕ್ಕೆ ಮೊದಲೇ ಸೌದೆ ಒಣಗಿಸಿ ಒಳಗಿಡಲು ನೀವು ಕೈಜೋಡಿಸಿ. ಅಮ್ಮ ಒಲೆಯ ಮುಂದೆ ಇರುವಷ್ಟು ಹೊತ್ತು ಮಗುವನ್ನು ನೀವು ಹೊರಗೆ ಚಾವಡಿಯಲ್ಲಿ ಆಡಿಸಿ. ಕಿಟಕಿ ತೆರೆಯಿರಿ. ಬತ್ತಿಯ ಬದಲು ಸೊಳ್ಳೆಪರದೆ ಕಟ್ಟಿ. ತಲೆಯನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು, ಧೂಪ ಬೇಡ.

ಹಾಗಾದರೆ ಅಜ್ಜಿಯ ಮದ್ದೆಲ್ಲ ಸುಳ್ಳೇ? ಖಂಡಿತ ಅಲ್ಲ. ಬೇಲಿ ಬದಿಯ ಆಡುಸೋಗೆಯನ್ನೇ ನೋಡಿ. ನಮ್ಮ ಮಲಯಾಳಿ ನೆರೆಯವರಿಗೆ ಅದು ಆಡಲೋಡಗಂ, ತಾಳವಾಡಿ ಕಡೆ ತಮಿಳರ ಬಾಯಲ್ಲಿ ಆಡಾತೋಡೈ, ಸೊಲ್ಲಾಪುರದ ಕಡೆ ಮರಾಠಿಯಲ್ಲಿ ಅಡುಳಸಾ. ಇಷ್ಟು ಭಾಷೆಯವರು ಕೆಮ್ಮಿಗೆ ಒಂದೇ ಗಿಡವನ್ನು ಹಿಡಿದಿದ್ದಾರೆ. ವಿಜ್ಞಾನಿಗಳು ಅದರಿಂದ ವ್ಯಾಸಿಸಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಅದರ ರಚನೆಯನ್ನು ಆಧಾರವಾಗಿಟ್ಟು ತಯಾರಾದದ್ದೇ ಕಫ ತೆಳುಮಾಡುವ ಬ್ರೋಮ್‌ಹೆಕ್ಸಿನ್. ಅಂದರೆ ಗಿಡದಲ್ಲಿ ಗುಣ ಇದೆ. ಗುಣ ಇರುವುದರಿಂದಲೇ ಅಳತೆಯೂ ಬೇಕು. ಎಂಟು ಕಿಲೋ ತೂಕದ ಮಗುವಿಗೆ ಎಷ್ಟು ಎಲೆ, ಎಷ್ಟು ರಸ? ಎಲೆ ಅದನ್ನು ಹೇಳುವುದಿಲ್ಲ. ಮಗುವಿಗೆ ಗಿಡಮೂಲಿಕೆಯ ಮದ್ದೇ ಬೇಕೆಂದಾದರೆ ಓದಿದ ಆಯುರ್ವೇದ ವೈದ್ಯರನ್ನು ಕೇಳಿ ಕೊಡಿ.

ಆದ್ದರಿಂದ ಪ್ರತಿಯೊಂದು ಉಪಾಯಕ್ಕೂ ಇದೇ ಪ್ರಶ್ನೆ ಹಾಕಿ: ಏನು, ಎಷ್ಟು, ಯಾವ ವಯಸ್ಸಿಗೆ?

ಜೇನು: ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮೊದಲು ಅರ್ಧ ಚಮಚ ಕೊಟ್ಟರೆ ರಾತ್ರಿಯ ಕೆಮ್ಮು ತಗ್ಗಬಹುದು, ಇದಕ್ಕೆ ಪ್ರಯೋಗಗಳ ಬೆಂಬಲ ಉಂಟು. ವರ್ಷ ತುಂಬದ ಮಗುವಿಗೆ ನೆಕ್ಕಿಸಲೂ ಬಾರದು. ಜೇನಿನಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಮನೆಯಲ್ಲಿ ಬಿಸಿ ಮಾಡಿದರೆ ಅವು ಸಾಯುವುದಿಲ್ಲ.

ಕಷಾಯ: ಬೆಚ್ಚಗಿನ ಪಾನೀಯ ಗಂಟಲಿಗೆ ಹಿತ, ಅಷ್ಟು ನಿಜ. ಆರು ತಿಂಗಳವರೆಗಿನ ಮಗುವಿಗೆ ಎದೆಹಾಲೊಂದೇ ಸಾಕು. ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ಅದರಲ್ಲೇ ಇವೆ.

ಆವಿ: ಶೀತವನ್ನು ಗುಣಪಡಿಸುವುದಿಲ್ಲ, ಕುದಿನೀರಿನ ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳು ಮಾತ್ರ ಬಹಳ. ಮೂಗು ಕಟ್ಟಿದರೆ ಔಷಧದಂಗಡಿಯ ಉಪ್ಪುನೀರಿನ ಹನಿ ಸಾಕು.

ಮೂಗಿಗೆ ಎಣ್ಣೆ: ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೇ ಒಂದು ಬಗೆಯ ನ್ಯುಮೋನಿಯಾ ತರುತ್ತದೆ.

ಕರ್ಪೂರ: ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ಅಪಸ್ಮಾರ ಬಂದಂತೆ ಸೆಳೆತ ಬರಬಹುದು. ಎಳೆಮಗುವಿನ ಎದೆಗೂ ಮೂಗಿಗೂ ಅದನ್ನು ಹಚ್ಚಬೇಡಿ.

ಸಿರಪ್: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧ ಕೊಡಬಾರದು, ಐದರ ಕೆಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೂಚಿಸಿದೆ. ಅಪ್ಪನಿಗೂ ಇದನ್ನು ಹೇಳಿ.

ಲಸಿಕೆ ನೈಸರ್ಗಿಕ ಅಲ್ಲ ಎಂದು ಕೆಲವರು ಹಿಂದೆ ಸರಿಯುತ್ತಾರೆ. ದೇಹದ ಸ್ವಂತ ರೋಗನಿರೋಧಕ ಶಕ್ತಿಗೆ ಶತ್ರುವಿನ ಗುರುತು ಹೇಳಿಕೊಡುವುದಕ್ಕಿಂತ ಸಹಜವಾದ ಉಪಾಯ ಯಾವುದು? ನ್ಯುಮೋಕಾಕಸ್ ವಿರುದ್ಧದ ಲಸಿಕೆ 2017ರಲ್ಲಿ ಭಾರತದ ಸರಕಾರಿ ಲಸಿಕಾ ಕಾರ್ಯಕ್ರಮಕ್ಕೆ ಹಂತಹಂತವಾಗಿ ಬಂತು, 2021ರಲ್ಲಿ ದೇಶವಿಡೀ ಹಬ್ಬಿತು. ನಾಯಿಕೆಮ್ಮು, ಹಿಬ್, ದಡಾರದ ಲಸಿಕೆಗಳೂ ಉಚಿತ. ಇವುಗಳ ಜೊತೆ, ಮಗುವನ್ನು ಎತ್ತಿಕೊಳ್ಳುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯುವುದು ನಿಮ್ಮ ಪಾಲಿನ ಕೆಲಸ.

ಕೊನೆಗೆ, ಗಡಿಯಾರ ಇರುವ ಯಾರೂ ಮಾಡಬಹುದಾದ ಒಂದು ಪರೀಕ್ಷೆ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ-ಎದೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಎಳೆದುಕೊಂಡರೆ, ಮಗು ಹಾಲು ಕುಡಿಯದಿದ್ದರೆ, ಕೊಟ್ಟದ್ದೆಲ್ಲ ವಾಂತಿ ಮಾಡಿದರೆ, ಸೆಳೆತ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಒಂದು ಗಳಿಗೆಯೂ ತಡ ಮಾಡಬಾರದು. ಎರಡು ವಾರ ದಾಟಿದ ಕೆಮ್ಮನ್ನೂ, ರಾತ್ರಿ ಸುಂಯ್ ಸುಂಯ್ ಎನ್ನುವ ಉಸಿರನ್ನೂ ಡಾಕ್ಟರಿಗೆ ತೋರಿಸಿ. ಅದು ಕ್ಷಯವೋ ದಮ್ಮೋ ಆಗಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯುವುದು ಅಪಾಯ.

ಗಡಿನಾಡಿನ ಮಕ್ಕಳಾದ ನಿಮಗೆ ಇದನ್ನೆಲ್ಲ ಹೇಳುವುದಕ್ಕೆ ಒಂದು ಕಾರಣ ಉಂಟು. ಆಸ್ಪತ್ರೆಯ ಸೂಚನೆ ಇಲ್ಲಿ ಹೆಚ್ಚಾಗಿ ಮಲಯಾಳದಲ್ಲಿ, ಹೊಸೂರಿನಲ್ಲಿ ತಮಿಳಿನಲ್ಲಿ, ಅಕ್ಕಲಕೋಟೆಯಲ್ಲಿ ಮರಾಠಿಯಲ್ಲಿ, ಆದೋನಿಯಲ್ಲಿ ತೆಲುಗಿನಲ್ಲಿ ಬರುತ್ತದೆ. ಅಜ್ಜಿಗೆ ಬರುವುದು ಮನೆಮಾತು ಮಾತ್ರ. ಎರಡನ್ನೂ ಬಲ್ಲವರು ಮನೆಯಲ್ಲಿ ನೀವೇ. ಲಸಿಕೆ ಕಾರ್ಡನ್ನು ಓದಿ, ಮುಂದಿನ ದಿನಾಂಕವನ್ನು ಕನ್ನಡದಲ್ಲಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಉಸಿರಿನ ಆ ಮೂರು ಸಂಖ್ಯೆಗಳನ್ನೂ ಪಕ್ಕದಲ್ಲೇ ಬರೆದಿಡಿ. ಅಜ್ಜಿಯ ಹತ್ತಿರ ವಾದ ಬೇಡ. “ಅಜ್ಜಿ, ಕಷಾಯ ನೀವು ಮಾಡಿ, ದೊಡ್ಡವರೆಲ್ಲ ಕುಡಿಯುವಾ. ಪಾಪುವನ್ನು ಮಾತ್ರ ಹೊಗೆಯಿಂದ ಆಚೆ ಮಲಗಿಸುವಾ” ಅನ್ನಿ. ಮಗುವಿನ ಮೇಲೆ ಅವರಿಗಿರುವ ಪ್ರೀತಿ ನಿಮ್ಮದಕ್ಕಿಂತ ಕಡಿಮೆಯದ್ದಲ್ಲ, ಅವರು ಒಪ್ಪುತ್ತಾರೆ.