ಎಂ.ಫಿಲ್.ಗೆ ಬೀಗ, ಪಿಎಚ್.ಡಿ.ಗೆ ಹಿಂದಿ ಕಾವಲು!

ಎಂ.ಫಿಲ್. ಮಾಡಲೋ, ಪಿಎಚ್.ಡಿ.ಗೆ ಹೋಗಲೋ ಎಂದು ತಲೆ ಕೆಡಿಸಿಕೊಂಡಿರುವ ಕನ್ನಡದ ತಮ್ಮ ತಂಗಿಯರೇ, ಕೇಳಿ! ಆ ಆಯ್ಕೆಯನ್ನೇ ದೆಹಲಿ ಕಿತ್ತುಕೊಂಡಿದೆ. 2022ರ ನವೆಂಬರ್‌ನಲ್ಲಿ ಯುಜಿಸಿ ಎಂ.ಫಿಲ್. ನಿಲ್ಲಿಸಿತು. ಕನ್ನಡದಲ್ಲೋ ಇತಿಹಾಸದಲ್ಲೋ ಎಂ.ಫಿಲ್. ಸೀಟು ಕೊಡುತ್ತೇವೆ ಎಂದು ಯಾರಾದರೂ ಕರೆದರೆ ಬಿಡಿಗಾಸೂ ಕಟ್ಟಬೇಡಿ.

ಉಳಿದದ್ದು ಕನಿಷ್ಠ 3 ವರ್ಷದ ಪಿಎಚ್.ಡಿ. ಬಡವರ ಮಕ್ಕಳು ಅಷ್ಟು ವರ್ಷ ಓದಲು ಜೆ.ಆರ್.ಎಫ್. ಶಿಷ್ಯವೇತನ ಬೇಕು, ಅದಕ್ಕೆ ನೆಟ್ ಪರೀಕ್ಷೆ ಗೆಲ್ಲಬೇಕು. ಇತಿಹಾಸವನ್ನು ಕನ್ನಡದಲ್ಲೇ ಓದಿ ಎಂ.ಎ. ಪಡೆದವರಿಗೂ ಅಲ್ಲಿ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ! ಹಿಂದಿಯವರಿಗೆ ತಾಯ್ನುಡಿ, ನಮಗೆ ಪರನುಡಿ. ಇದು ಯಾವ ಸೀಮೆಯ ನ್ಯಾಯ? ನಮ್ಮ ಕೆ-ಸೆಟ್ ಕನ್ನಡದಲ್ಲಿ ನಡೆಯುತ್ತದೆ, ನೆಟ್‌ಗೇನು ರೋಗ?

ಸಂಸದರೇ, ಬಾಯಿ ಬಿಡಿ! ನೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರಲಿ!